ಅಡಿಕೆ ಚೀಲಗಳ ನಡುವೆ ಒಂದು ಬ್ಯಾಂಡು

ನಾನು ಪಿಟೀಲು ನುಡಿಸುತ್ತೇನೆ ಅಂತ ನಮ್ಮ ಮಂಡಿಯಲ್ಲಿ ಬಹಳ ದಿನ ಯಾರಿಗೂ ಗೊತ್ತಿರಲಿಲ್ಲ. ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ರಾಶಿ, ಬೆಟ್ಟೆ, ಸರಕು, ಗೊರಬಲು ಅನ್ನುವ ಅಡಿಕೆ ಬಗೆಗಳು, ನಿನ್ನೆಯ ರೇಟು, ಇವತ್ತಿನ ರೇಟು, ಇಷ್ಟರಲ್ಲೇ ದಿನ ಮುಗಿಯುತ್ತದೆ. ಹೋದ ಗಣಪತಿ ಹಬ್ಬಕ್ಕೆ ಒಂದು ಪೆಂಡಾಲಿನಲ್ಲಿ ನಮ್ಮ ಬ್ಯಾಂಡಿನ ಕಾರ್ಯಕ್ರಮ ಇತ್ತು. ನಮ್ಮ ಹಮಾಲರೊಬ್ಬರು ಪ್ರಸಾದಕ್ಕೆ ಅಂತ ಬಂದವರು ನನ್ನನ್ನು ನೋಡಿಬಿಟ್ಟರು. ಮಾರನೇ ದಿನ ಮಂಡಿಗೆಲ್ಲ ಸುದ್ದಿ. "ಏನ್ ಸಾರ್, ಅಲ್ಲಿ ನಗ್ತಾ ನಗ್ತಾ ಬಾರಿಸ್ತಿದ್ರಿ, ಇಲ್ಲಿ ಒಂದಿನಾನೂ ನಿಮ್ ಹಲ್ಲು ನೋಡಿಲ್ಲ" ಅಂದರು.

ನಕ್ಕಿದ್ದು ನನಗೆ ಗೊತ್ತೇ ಇರಲಿಲ್ಲ. ಕೇಳಿ ಖುಷಿಯಾಯಿತು, ಯಾಕೆಂದರೆ ಪಿಟೀಲು ಹಿಡಿದುಕೊಂಡು ನಗುವುದು ನನ್ನ ಮಟ್ಟಿಗೆ ತೀರಾ ಈಚಿನ ವಿಷಯ. ಚಿಕ್ಕವನಿದ್ದಾಗಿನ ಫೋಟೊಗಳಲ್ಲಿ ಪಿಟೀಲಿನ ಜೊತೆ ಕೂತ ನಾನು ಹಲ್ಲುನೋವು ಬಂದವನ ಹಾಗೆ ಕಾಣುತ್ತೇನೆ. ಅಲ್ಲಿಂದ ಇಲ್ಲಿಗೆ ಹೇಗೆ ಬಂದೆ ಅಂತ ಕೆಲವರು ಕೇಳಿದ್ದಾರೆ. ಅದರಲ್ಲೂ ಮಕ್ಕಳನ್ನು ಸಂಗೀತ ಪಾಠಕ್ಕೆ ಸೇರಿಸಿ ಅವು ಅಳುವುದನ್ನು ದಿನಾ ನೋಡುವ ಅಪ್ಪ ಅಮ್ಮಂದಿರು ಜಾಸ್ತಿ ಕೇಳಿದ್ದಾರೆ. ಒಂದು ಸಲ ಬರೆದುಬಿಡೋಣ ಅನ್ನಿಸಿತು.

ನಮ್ಮ ಪಾಠ ನಡೆಯುತ್ತಿದ್ದದ್ದು ದುರ್ಗಿಗುಡಿಯ ಒಂದು ಹಳೇ ಮನೆಯ ಜಗಲಿಯಲ್ಲಿ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ, ಎಲ್ಲ ಕ್ರಮವಾಗಿ. ಈ ಪಾಠದ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಅನ್ನುತ್ತಾರೆ. ದಾಸರು ನಮ್ಮ ತೀರ್ಥಹಳ್ಳಿಯ ಆರಗದ ಕಡೆಯವರು ಅಂತ ಸರ್ಕಾರ ನೇಮಿಸಿದ್ದ ತಜ್ಞರ ಸಮಿತಿಯೇ ಹೇಳಿದೆ. ಹಾಗಾಗಿ ಮೊದಲ ಪಾಠಗಳ ರಾಗವಾದ ಮಾಯಾಮಾಳವಗೌಳದಲ್ಲಿ ನಾನು ಅತ್ತಿದ್ದಕ್ಕೆಲ್ಲ ನಮ್ಮೂರಿನವರೇ ಕಾರಣ ಅಂತ ನಮ್ಮ ಬ್ಯಾಂಡಿನ ಗಿಟಾರ್ ಹುಡುಗ ತಮಾಷೆ ಮಾಡುತ್ತಾನೆ. ಮೇಷ್ಟ್ರು ಒಳ್ಳೆಯವರು. ಇವತ್ತು ನನ್ನ ಬೆರಳು ಸ್ವರದ ಜಾಗಕ್ಕೆ ಸರಿಯಾಗಿ ಬೀಳುತ್ತಿದ್ದರೆ ಅದು ಅವರು ಕೂರಿಸಿದ ಕೈ. ಆದರೆ ಪಾಠ ಪೂರ್ತಿ ಪರೀಕ್ಷೆಯ ಸುತ್ತ ತಿರುಗುತ್ತಿತ್ತು. ಜೂನಿಯರ್ ಆಯಿತು, ಸೀನಿಯರ್ ಆಯಿತು, ಮುಂದೆ ವಿದ್ವತ್. ನಡುವೆ ಆ ಸ್ಪರ್ಧೆ, ಈ ಸ್ಪರ್ಧೆ. ಮನೆಗೆ ನೆಂಟರು ಬಂದರೆ ವರ್ಣ ಅನ್ನುವ ರಚನೆಯೊಂದನ್ನು ನುಡಿಸಿ ತೋರಿಸಬೇಕು. ಅವರು ಕಾಫಿ ಕುಡಿಯುತ್ತಾ "ಪರ್ವಾಗಿಲ್ಲ, ಚೆನ್ನಾಗಿ ಕಲ್ತಿದಾನೆ" ಅನ್ನಬೇಕು.

ಹೀಗೆ ವರ್ಷಗಟ್ಟಲೆ ನುಡಿಸಿದರೆ ಕಿವಿಗೆ ಒಂದು ಕೆಟ್ಟ ಚಾಳಿ ಬರುತ್ತದೆ. ಅದು ಹಾಡು ಕೇಳುವುದನ್ನೇ ಬಿಟ್ಟು ತಪ್ಪು ಹುಡುಕಲು ಶುರು ಮಾಡುತ್ತದೆ. ಮೊದಲು ನಮ್ಮ ತಪ್ಪು, ಆಮೇಲೆ ಬೇರೆಯವರದ್ದು. ದೊಡ್ಡ ವಿದ್ವಾಂಸರ ಕಛೇರಿಗೆ ಹೋದರೂ ನಾನು ಮನಸ್ಸಿನಲ್ಲೇ ಅಂಕ ಹಾಕುತ್ತಾ ಕೂರುತ್ತಿದ್ದೆ. ಇದು ಮೈಗೂ ಇಳಿಯುತ್ತದೆ. ಪಿಟೀಲು ನುಡಿಸುವವರಿಗೆ ಗೊತ್ತಿರುತ್ತದೆ, ವಿಳಂಬದಲ್ಲಿ, ಅಂದರೆ ನಿಧಾನ ಕಾಲದಲ್ಲಿ, ಕಮಾನನ್ನು ಉದ್ದಕ್ಕೆ ಎಳೆಯುವಾಗ ಎದುರಿಗೆ ಯಾರೋ ನೋಡುತ್ತಿದ್ದಾರೆ ಅನ್ನಿಸಿದರೆ ಸಾಕು, ಕಮಾನು ಮಧ್ಯದಲ್ಲಿ ಟರ್ ಅಂತ ನಡುಗುತ್ತದೆ. ನಡುಕ ನಿಲ್ಲಿಸಬೇಕು ಅಂತ ಬಿಗಿ ಹಿಡಿದರೆ ಇನ್ನೂ ಜಾಸ್ತಿ. ಹೆಬ್ಬೆರಳಿನಿಂದ ಶುರುವಾಗಿ ಮಣಿಕಟ್ಟು, ಭುಜ, ಕತ್ತು, ಕೊನೆಗೆ ದವಡೆ. ಫೋಟೊದಲ್ಲಿನ ಆ ಮುಖ ಬಂದಿದ್ದು ಹಾಗೆ.

ಆಮೇಲೆ ಡಿಗ್ರಿ, ಕೆಲಸ, ಮದುವೆ. ವಿದ್ವತ್ ಹಾಗೇ ಉಳಿಯಿತು. ಪಿಟೀಲು ಅಟ್ಟ ಹತ್ತಿತು. ನಮ್ಮ ಕಡೆಯ ಮಳೆಗಾಲದಲ್ಲಿ ಅಟ್ಟದ ಮೇಲಿನ ವಾದ್ಯಕ್ಕೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ತಂತಿಗೆ ತುಕ್ಕು, ಪೆಟ್ಟಿಗೆಗೆ ಬೂಷ್ಟು, ಕಮಾನಿನ ಕೂದಲು ಹುಳಗಳ ಪಾಲು. ಅದನ್ನು ನೆನೆದು ನಾನು ಕೊರಗಿದ್ದೇನೂ ಇಲ್ಲ. ನಿಜ ಹೇಳಬೇಕೆಂದರೆ ಹಗುರ ಆಯಿತು.

ಮತ್ತೆ ಅದನ್ನು ಕೆಳಗಿಳಿಸಿದ್ದಕ್ಕೆ ಕಾರಣ ಒಂದು ದೀಪಾವಳಿ. ಅಮ್ಮನ ತವರು ಹೊಸನಗರದ ಕಡೆ. ಅಲ್ಲಿ ಬಲಿಪಾಡ್ಯಮಿಯ ರಾತ್ರಿ ಅಂಟಿಗೆ-ಪಂಟಿಗೆಯವರು ಹೊರಡುತ್ತಾರೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಊರಿನ ಗಂಡಸರ ಒಂದು ಗುಂಪು ದೇವರ ಮುಂದೆ ದೀಪ ಹಚ್ಚಿಕೊಂಡು ಮನೆಯಿಂದ ಮನೆಗೆ ಹಾಡುತ್ತಾ ಹೋಗುತ್ತದೆ. ದೀಪ ಆರಬಾರದು. ಮನೆಯವರು ಬಾಗಿಲು ತೆಗೆದು ಆ ದೀಪಕ್ಕೆ ಎಣ್ಣೆ ಹೊಯ್ದು, ಅದರಿಂದ ತಮ್ಮ ದೀಪ ಹಚ್ಚಿಕೊಳ್ಳುತ್ತಾರೆ. ಅಕ್ಕಿ, ಕಾಯಿ, ದುಡ್ಡು, ಹೋಳಿಗೆ, ಏನಾದರೂ ಕೊಡುತ್ತಾರೆ. ಮುಂದೆ ಇಬ್ಬರು ಒಂದು ಸಾಲು ಹೇಳುತ್ತಾರೆ, ಹಿಂದಿನವರು ಅದನ್ನೇ ಎತ್ತಿಕೊಳ್ಳುತ್ತಾರೆ. ನಾನು ಸುಮ್ನೆ ನೋಡಲು ನಿಂತವನು. ಸೋದರಮಾವ ಬಿಡಲಿಲ್ಲ. "ಎಂತ ಮಾರಾಯ, ಸಂಗೀತ ಕಲ್ತವ ಹಿಂಗೆ ಬಾಯಿ ಮುಚ್ಕಂಡ್ ನಿಂತ್ರೆ ಆಗ್ತದಾ" ಅಂತ ಎಳೆದುಕೊಂಡು ಹೋದ.

ಮೊದಲ ನಾಲ್ಕೈದು ಮನೆ ನನ್ನ ಕಿವಿ ಅದರ ಹಳೇ ಕೆಲಸವನ್ನೇ ಮಾಡುತ್ತಿತ್ತು. ಈ ಅಜ್ಜನ ಗಾಂಧಾರ, ಅಂದರೆ 'ಗ' ಸ್ವರ, ಸ್ವಲ್ಪ ಕಡಿಮೆ, ಆ ಕಡೆಯವನು ಅರ್ಧ ಮಾತ್ರೆ ಮುಂದೆ ಓಡುತ್ತಿದ್ದಾನೆ. ಶ್ರುತಿಯಂತೂ ಮನೆಯಿಂದ ಮನೆಗೆ ಮೇಲೇರುತ್ತಿತ್ತು, ಏರು ಹತ್ತಿ ಬಂದ ಉಸಿರಿಗೆ ತಕ್ಕ ಹಾಗೆ. ಅಡಿಕೆ ತೋಟದ ದರೆ, ಸಂಕ, ಗದ್ದೆ ಬದು, ಕಾಲಿಗೆಲ್ಲ ಇಬ್ಬನಿ, ದಾರಿಯುದ್ದಕ್ಕೂ ನಾಯಿಗಳ ಕೂಗು. ಯಾವ ಮನೆಯ ಹತ್ತಿರ ಅಂತ ನೆನಪಿಲ್ಲ, ಅಂಕ ಹಾಕುವುದು ನಿಂತುಹೋಗಿತ್ತು. ಅಲ್ಲಿ ಯಾರೂ ಕೇಳುಗರಿಲ್ಲ ನೋಡಿ. ಬಾಗಿಲು ತೆಗೆಯುವ ಹೆಂಗಸು ನಮ್ಮ ಗಾಯನ ಹೇಗಿದೆ ಅಂತ ನೋಡಲು ಬರುವುದಿಲ್ಲ, ಅವಳ ಕೈಯಲ್ಲಿ ಎಣ್ಣೆ ಗಿಂಡಿ ಇರುತ್ತದೆ. ಹಾಡು ಅಂದರೆ ಅಲ್ಲಿ ಒಂದು ಕೆಲಸ. ಅದನ್ನು ಎಲ್ಲರೂ ಸೇರಿ ಮಾಡಿ ಮುಂದಿನ ಮನೆಗೆ ಹೋಗಬೇಕು. ಬೆಳಗಿನ ಜಾವ ಗಂಟಲು ಕಟ್ಟಿ ವಾಪಸ್ ಬಂದಾಗ ನನಗೆ ಹಾಡಬೇಕು ಅಂತ ಇನ್ನೂ ಆಸೆ ಇತ್ತು. ವರ್ಷಗಟ್ಟಲೆ ಕಲಿತಾಗ ಒಂದು ದಿನವೂ ಹಾಗೆ ಅನ್ನಿಸಿರಲಿಲ್ಲ.

ಶಿವಮೊಗ್ಗಕ್ಕೆ ಬಂದ ವಾರದಲ್ಲೇ ಪಿಟೀಲು ಇಳಿಸಿದೆ. ಬಿಟ್ಟುಕೊಂಡಿದ್ದ ಅಂಚುಗಳನ್ನು ಅಂಟು ಹಾಕಿಸಿ, ಹೊಸ ತಂತಿ ಕಟ್ಟಿಸಿ, ಕಮಾನು ಹೊಸದೇ ತಂದೆ. ಆದರೆ ಮನೆಯಲ್ಲಿ ಒಬ್ಬನೇ ಕೂತರೆ ಮತ್ತೆ ಅದೇ ಹಳೇ ನಡುಕ. ಹಾಗಾಗಿ ನಮ್ಮ ಬೀದಿಯ ಆಂಜನೇಯನ ಗುಡಿಯ ಶನಿವಾರದ ಭಜನೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಅಲ್ಲಿ ಹಾರ್ಮೋನಿಯಂ ನುಡಿಸುವವರು ಒಬ್ಬರು ರಿಟೈರ್ಡ್ ಬಸ್ ಕಂಡಕ್ಟರ್. ತಬಲಾ, ತಾಳ, ದಮಡಿ, ಐವತ್ತು ಜನರ ಚಪ್ಪಾಳೆ. ಆ ಗದ್ದಲದಲ್ಲಿ ನನ್ನ ಪಿಟೀಲು ನನಗೇ ಕೇಳಿಸುತ್ತಿರಲಿಲ್ಲ. ಇದೇ ದೊಡ್ಡ ಉಪಕಾರ ಆಯಿತು. ತನ್ನ ಸ್ವರ ಯಾರಿಗೂ ಕೇಳಿಸುವುದಿಲ್ಲ ಅಂತ ಗೊತ್ತಾದ ಮೇಲೆ ಕೈ ತಾನಾಗಿ ಸಡಿಲವಾಯಿತು. ಒಂದೇ ಸಾಲು ಹತ್ತು ಹನ್ನೆರಡು ಸಲ ತಿರುಗಿ ಬರುತ್ತದೆ, ಕಾಲ ಏರುತ್ತದೆ, ಮತ್ತೆ ಇಳಿಯುತ್ತದೆ. ಒಂದು ಸಲ ಜಾರಿದ್ದನ್ನು ಇನ್ನೊಂದು ಸಲ ಹಿಡಿಯಬಹುದು. ಕಂಡಕ್ಟರ್ ಅಜ್ಜ ಹೇಳಿದ್ದೂ ಅದನ್ನೇ. "ತಪ್ಪಿದ್ರೆ ತಪ್ತು. ಅದೇ ಸಾಲು ಮತ್ತೆ ಬರ್ತದಲ್ಲೋ, ಅವಾಗ ಹತ್ಕೋ." ಬಸ್ಸಿನ ಭಾಷೆ!

ಕೈ ಒಮ್ಮೆ ಸಡಿಲವಾದ ಮೇಲೆ ಆ ಸಡಿಲ ಮನೆಗೂ ಬಂತು. ಈಗ ಬೆಳಿಗ್ಗೆ ಮಂಡಿಗೆ ಹೋಗುವ ಮುಂಚೆ ಮೊಬೈಲಿನಲ್ಲಿ ತಂಬೂರ ಹಾಕಿಕೊಂಡು ಕೂರುತ್ತೇನೆ. ಬಹಳ ಹೊತ್ತು ಬರೀ ಖಾಲಿ ತಂತಿಯ ಮೇಲೆ ಉದ್ದ ಕಮಾನು. ಆಮೇಲೆ ಹಿಂದಿನ ಶನಿವಾರದ ಯಾವುದಾದರೂ ಭಜನೆಯ ಧಾಟಿಯನ್ನು ಬೇರೆ ಬೇರೆ ಜಾಗದಿಂದ ಎತ್ತಿ ನೋಡುವುದು. ಕೊನೆಗೆ ಹಳೇ ವರ್ಣ, ತೀರಾ ನಿಧಾನಕ್ಕೆ. ಇಲ್ಲೊಂದು ಮಾತು ಹೇಳಲೇಬೇಕು. "ಅಭ್ಯಾಸ ಗಿಭ್ಯಾಸ ಎಲ್ಲ ಬಿಡಿ, ಕಣ್ಣು ಮುಚ್ಚಿ ಫೀಲ್ ಮಾಡಿ" ಅನ್ನುವ ವಿಡಿಯೊಗಳು ಈಗ ಬಹಳ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಬೆರಳಿಗೆ ಜಾಗ ಗೊತ್ತಿಲ್ಲದೆ ಕಣ್ಣು ಮುಚ್ಚಿದರೆ ಪಕ್ಕದ ಮನೆಯವರು ಕಿವಿ ಮುಚ್ಚುತ್ತಾರೆ, ಅಷ್ಟೇ. ಖುಷಿ ಬಂದ ಮೇಲೆ ನನ್ನ ಅಭ್ಯಾಸ ಜಾಸ್ತಿಯೇ ಆಗಿದೆ. ಮುಂಚೆ ಅಮ್ಮ ಕೂಗಬೇಕಿತ್ತು. ಈಗ ಹೆಂಡತಿ "ಸಾಕು, ತಿಂಡಿ ಆರ್ತಾ ಇದೆ" ಅಂತ ಕೂಗಬೇಕು.

ಬ್ಯಾಂಡು ಹುಟ್ಟಿದ್ದೂ ಆ ಗುಡಿಯಲ್ಲೇ. ಭಜನೆಯಲ್ಲಿ ಹಾಡುವ ಒಬ್ಬ ಅಕ್ಕ ಇದ್ದಾರೆ, ಪ್ರೈಮರಿ ಶಾಲೆ ಟೀಚರ್. ಅವರಿಗೆ ವಚನಗಳನ್ನು ಹಾಡಬೇಕು, ಜೊತೆಗೆ ಪಿಟೀಲು ಇರಬೇಕು ಅಂತ ಆಸೆ. ತಬಲಾದವರು ಮೆಡಿಕಲ್ ಶಾಪ್ ಇಟ್ಟುಕೊಂಡವರು, ಹಿಂದೂಸ್ತಾನಿ ಕಲಿತವರು. ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಎಂಜಿನಿಯರಿಂಗ್ ಹುಡುಗನ ಹತ್ತಿರ ಗಿಟಾರ್ ಇತ್ತು. ಸಾಗರದ ಕಡೆಯ ಆಟೋದವರೊಬ್ಬರು ಡೊಳ್ಳು ಕುಣಿತದ ತಂಡದಲ್ಲಿದ್ದವರು, ಅಕ್ಕನ ಶಾಲೆಯ ಮಕ್ಕಳನ್ನು ಬಿಡಲು ಬಂದು ಪರಿಚಯ ಆದವರು. ಕೀಬೋರ್ಡಿನವರೊಬ್ಬರು ಸ್ವಲ್ಪ ದಿನ ಬಂದರು. ಬಹಳ ಚೆನ್ನಾಗಿ ನುಡಿಸುತ್ತಿದ್ದರು. ಆದರೆ ಕೊಳಲು, ತಂಬೂರ, ಡ್ರಮ್ಸು, ಎಲ್ಲ ಅವರ ಒಂದೇ ಪೆಟ್ಟಿಗೆಯಲ್ಲಿ ಇತ್ತು. ನಾವು ಉಳಿದವರು ಯಾಕೆ ಇದ್ದೇವೆ ಅಂತ ನಮಗೇ ಅನುಮಾನ ಬರುತ್ತಿತ್ತು. ಆರ್ಕೆಸ್ಟ್ರಾ ಸೀಸನ್ ಶುರುವಾದ ಮೇಲೆ ಅವರು ಆ ಕಡೆ ಹೋದರು. ಎರಡೂ ಕಡೆಗೆ ಒಳ್ಳೆಯದೇ ಆಯಿತು.

ಮೊದಲ ದಿನದ ಪ್ರಾಕ್ಟೀಸ್ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಅಕ್ಕನ ಶ್ರುತಿ, ಅಂದರೆ ಅವರ 'ಸಾ' ಇರುವ ಎತ್ತರ, ಎಷ್ಟು ಅಂತ ಗಿಟಾರ್ ಹುಡುಗ ಕೇಳಿದ. ನಾನು "ಐದೂವರೆ ಮನೆ" ಅಂದೆ. ತಬಲಾದವರು "ಕಪ್ಪು ನಾಲ್ಕು" ಅಂದರು. ಅವನು ಇಬ್ಬರ ಮುಖವನ್ನೂ ನೋಡಿ, ಅಕ್ಕನ ಬಾಯಿಂದ ಒಂದು ಸಾ ಹಾಡಿಸಿ, ಮೊಬೈಲ್ ಹಿಡಿದು ನೋಡಿ "ಜಿ ಶಾರ್ಪ್ ಅಂತ ಹೇಳೋಕೇನ್ ಕಷ್ಟ ಅಂಕಲ್" ಅಂದ. ಮೂರೂ ಒಂದೇ ಸ್ವರದ ಹೆಸರು. ಅವನು ಗಿಟಾರಿನ ಮೊದಲ ಮನೆಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿಕೊಂಡು ಸುಲಭವಾಗಿ ಬಂದ. ತಬಲಾದವರಿಗೆ ಪಾಡು. ಅವರ ಹತ್ತಿರ ಇದ್ದದ್ದು ಕಪ್ಪು ಒಂದರ ತಬಲಾ, ಅಂದರೆ ಅಕ್ಕನ ಶ್ರುತಿಗೆ ಅದು ಮಧ್ಯಮ, 'ಮ' ಸ್ವರ. ಮಧ್ಯಮ ಚೆನ್ನಾಗಿ ನಿಲ್ಲುವ ರಾಗಕ್ಕೆ ಪರವಾಗಿಲ್ಲ, ಮೋಹನದಂಥ ಮಧ್ಯಮವೇ ಇಲ್ಲದ ರಾಗ ಬಂದರೆ ಇರಿಸುಮುರಿಸು. ಕೊನೆಗೆ ಬೇರೆ ತಬಲಾ ಕೊಂಡರು. ಬ್ಯಾಂಡಿನ ಮೊದಲ ಸಂಪಾದನೆ ಪೂರ್ತಿ ಅದಕ್ಕೇ ಹೋಯಿತು.

ಗಿಟಾರಿಗೂ ಪಿಟೀಲಿಗೂ ಹೊಂದಿಸುವುದು ನಿಜವಾದ ಕೆಲಸ. ಮೋಹನದಲ್ಲಿದ್ದರೆ ಹುಡುಗನಿಗೆ ಹಬ್ಬ, ಯಾವ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಹಾಕಿದರೂ ಕಿವಿಗೆ ಹಿತ. ತೋಡಿಯಂಥ ರಾಗ ಎತ್ತಿದರೆ ಅವನು ಹಾಕುವ ಕಾರ್ಡು ನನ್ನ ಗಾಂಧಾರದ ಕತ್ತು ಹಿಸುಕುತ್ತದೆ. ಬಹಳ ಜಗಳ ಆಡಿ ಒಂದು ದಾರಿ ಹುಡುಕಿದೆವು. ಅಂಥ ಹಾಡಿನಲ್ಲಿ ಅವನು ಕಾರ್ಡು ಬಿಟ್ಟು ಬರೀ ಸಾ ಪಾ ಮೀಟುತ್ತಾನೆ, ತಂಬೂರದ ಕೆಲಸ. ಮೊದಲು ಅವನಿಗೆ ಬೇಜಾರಾಗಿತ್ತು. ಈಗ ಅದರಲ್ಲೇ ಏನೇನೋ ಲಯ ತರುತ್ತಾನೆ, ನಾನು ಅದನ್ನು ಕೇಳುತ್ತಾ ನನ್ನ ಸಾಲನ್ನೇ ಮರೆತದ್ದೂ ಇದೆ. ಡೊಳ್ಳಿನದ್ದು ಇನ್ನೊಂದು ಕಥೆ. ಬಯಲಿನಲ್ಲಿ ಬಾರಿಸುವ ವಾದ್ಯ ಅದು, ಕೋಣೆಯೊಳಗೆ ಒಂದು ಪೆಟ್ಟು ಬಿದ್ದರೆ ಕಿಟಕಿ ಗಾಜು ಗಡಗಡ. ಆಟೋ ಅಣ್ಣ ಅದರ ಮೇಲೆ ಟವೆಲ್ ಹಾಸಿ, ಕೋಲು ಬಿಟ್ಟು ಎರಡೂ ಕಡೆ ಅಂಗೈಯಲ್ಲೇ ಬಾರಿಸಲು ಕಲಿತರು. ಕೋಲು ಹೊರಬರುವುದು ಕಾರ್ಯಕ್ರಮದ ಕೊನೆಯ ಹಾಡಿಗೆ ಮಾತ್ರ. ಆ ಒಂದು ಹಾಡಿಗೆ ಅಂತಲೇ ಅವರು ಉಳಿದ ಹೊತ್ತೆಲ್ಲ ತಾಳ್ಮೆಯಿಂದ ಇರುತ್ತಾರೆ ಅಂತ ನನಗೆ ಗುಮಾನಿ.

ಇನ್ನು ನಿಂತು ನುಡಿಸಬೇಕೋ ಕೂತೋ ಅನ್ನುವ ವಾದ. ಬ್ಯಾಂಡ್ ಅಂದರೆ ನಿಲ್ಲಬೇಕು ಅಂತ ಹುಡುಗನ ಪಟ್ಟು. ನಮ್ಮ ಪದ್ಧತಿಯಲ್ಲಿ ಪಿಟೀಲಿನ ತಲೆ ಬಲಗಾಲಿನ ಹಿಮ್ಮಡಿಯ ಮೇಲೆ ಒರಗಿರುತ್ತದೆ, ಹಾಗಾಗಿ ಎಡಗೈಗೆ ವಾದ್ಯ ಹೊರುವ ಕೆಲಸ ಇಲ್ಲ, ಬೆರಳು ಗಮಕಕ್ಕೆ, ಅಂದರೆ ಸ್ವರ ತೂಗುವುದಕ್ಕೆ, ಬೇಕಾದ ಹಾಗೆ ಜಾರುತ್ತದೆ. ನಿಂತರೆ ಅದೆಲ್ಲ ಹೋಯಿತು. "ಪಿಟೀಲು ಕರ್ನಾಟಕ ಸಂಗೀತಕ್ಕೆ ಬಂದಿದ್ದೇ ಬ್ರಿಟಿಷರ ಬ್ಯಾಂಡಿನಿಂದ ಅಲ್ವಾ, ಅವರು ನಿಂತೇ ನುಡಿಸ್ತಿದ್ರು" ಅಂತ ಅವನು ಬಾಲುಸ್ವಾಮಿ ದೀಕ್ಷಿತರ ಕಥೆ ತೆಗೆದ. ನಿಜವೇ. ಮುತ್ತುಸ್ವಾಮಿ ದೀಕ್ಷಿತರ ಆ ತಮ್ಮ ಪಿಟೀಲು ಕಲಿತದ್ದು ಬ್ಯಾಂಡಿನವರಿಂದಲೇ. ಆದರೆ ನಮ್ಮವರು ಅದನ್ನು ತಂದು ಕೂರಿಸಿದರಲ್ಲ ಅಂತ ನಾನು. ಕೊನೆಗೆ ತಬಲಾದವರು ತೀರ್ಪು ಕೊಟ್ಟರು: ಅವರ ಮಂಡಿ ನೋವಿಗೆ ನಿಲ್ಲುವುದು ಆಗುವುದಿಲ್ಲ. ಈಗ ನಮ್ಮ ಬ್ಯಾಂಡು ಜಮಖಾನದ ಮೇಲೆ ಕೂರುತ್ತದೆ, ಗಿಟಾರ್ ಹುಡುಗನೂ ಚಕ್ಕಂಬಕ್ಕಳ ಹಾಕಿಕೊಂಡು. ಹತ್ತಿರ ಹತ್ತಿರ ಕೂರುವುದರಿಂದ ಒಬ್ಬರ ಕಣ್ಣು ಒಬ್ಬರಿಗೆ ಸಿಗುತ್ತದೆ. ಅಕ್ಕ ಹುಬ್ಬು ಎತ್ತಿದರೆ ಇನ್ನೊಂದು ಸುತ್ತು, ತಲೆ ಬಗ್ಗಿಸಿದರೆ ಮುಕ್ತಾಯ. ಬೇರೆ ಸನ್ನೆ ಬೇಕಾಗಿಲ್ಲ.

ಹಾಡಿಗೆ ನಾವು ದೂರ ಹೋಗುವುದಿಲ್ಲ. ಅಲ್ಲಮನ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿ, ಎರಡೂ ಇದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿವೆ. ಜಿ.ಎಸ್. ಶಿವರುದ್ರಪ್ಪನವರು ಹುಟ್ಟಿದ ಈಸೂರೂ ಅದೇ ತಾಲ್ಲೂಕು. ಕುಪ್ಪಳಿ ತೀರ್ಥಹಳ್ಳಿ ಹತ್ತಿರ. ದಾಸರನ್ನಂತೂ ಆಗಲೇ ನಮ್ಮವರು ಮಾಡಿಕೊಂಡಾಗಿದೆ. ಒಂದು ಜಿಲ್ಲೆಯಲ್ಲಿ ಇಷ್ಟು ಇರುವಾಗ ಸಿನಿಮಾ ಹಾಡು ಯಾಕೆ ಅಂತ ನನ್ನ ವಾದ. ಆಟೋ ಅಣ್ಣ ಒಪ್ಪುವುದಿಲ್ಲ, ಜಾತ್ರೆಯಲ್ಲಿ ಜನ ಕೇಳಿದರೆ ಒಂದೆರಡು ಹಾಡಲೇಬೇಕು ಅನ್ನುತ್ತಾರೆ. ಹಾಡುತ್ತೇವೆ. ಹಾಡುಗಳ ಪಟ್ಟಿ ಮಾಡುವುದು ಮಾತ್ರ ಶ್ರುತಿ ನೋಡಿಕೊಂಡು. ಅಕ್ಕನ ಹಾಡೆಲ್ಲ ಮೊದಲು, ಆಟೋ ಅಣ್ಣನ ಒಂದೂವರೆ ಮನೆಯ ಜಾನಪದ ಆಮೇಲೆ. ಮಧ್ಯೆ ಯಾರೋ ಸ್ವಾಗತ ಭಾಷಣ ಮಾಡುವಾಗ ನಾನು ತಂತಿ ಇಳಿಸಿ ಮತ್ತೆ ಶ್ರುತಿ ಮಾಡಿಕೊಳ್ಳುತ್ತೇನೆ. ನಮ್ಮೂರಲ್ಲಿ ಭಾಷಣಕ್ಕೆ ಬರ ಇಲ್ಲ, ಆ ಅನುಕೂಲ ಇದೆ.

ಈ ಊರಿನಲ್ಲಿ ಹಾಡನ್ನು ಹೊಟ್ಟೆಪಾಡಿನ ಪಕ್ಕದಲ್ಲಿ ಇಟ್ಟುಕೊಂಡು ಬದುಕುವುದು ಹೊಸದೇನಲ್ಲ. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರು ವಕೀಲರಾಗಿದ್ದುಕೊಂಡೇ ಹಾಡಿದವರು. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರೇ. 2022ರಲ್ಲಿ ಅವರು ತೀರಿಹೋದಾಗ ಗುಡಿಯಲ್ಲಿ ನಾವು ಇಡೀ ಸಂಜೆ ಭಾವಗೀತೆಯನ್ನೇ ಹಾಡಿದೆವು. ನಾವೆಲ್ಲಿ, ಅವರೆಲ್ಲಿ. ಆದರೂ "ಕೆಲಸ ಬಿಟ್ಟು ಪೂರ್ತಿ ಇಳಿಯಬೇಕು, ಆಗಲೇ ಕಲಾವಿದ" ಅಂತ ಯಾರಾದರೂ ಗಿಟಾರ್ ಹುಡುಗನ ತಲೆ ಕೆಡಿಸಿದರೆ ನಾನು ಸುಬ್ಬಣ್ಣನವರ ಹೆಸರು ಹೇಳುತ್ತೇನೆ.

ದುಡ್ಡಿನ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಗಾಡಿ ಖರ್ಚು, ಊಟ, ಮೇಲೆ ಅಷ್ಟೋ ಇಷ್ಟೋ. ಬ್ಯಾಂಡ್ ಅಂತ ಕೇಳಿ ಮದುವೆ ಮೆರವಣಿಗೆಗೆ ಬರ್ತೀರಾ ಅಂತ ಫೋನ್ ಮಾಡಿದವರೂ ಇದ್ದಾರೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ಸಮಯದಲ್ಲಿ ಒಂದು ಕಡೆ ನುಡಿಸಿದಾಗ ಸೌಂಡಿನ ಹುಡುಗ ಡೊಳ್ಳಿನ ಮುಂದೆ ಎರಡು ಮೈಕ್ ಇಟ್ಟು, ಪಿಟೀಲಿನ ಪಿಕಪ್ (ವಾದ್ಯಕ್ಕೇ ಅಂಟಿಸುವ ಮೈಕು) ಜೋರು ಮಾಡಿ, ಇಡೀ ಬಯಲಿಗೆ ಕೂಂಯ್ ಅನ್ನಿಸಿದ. ಈಗ ನಾನು ಪಿಕಪ್ ಬಿಟ್ಟು ಪಿಟೀಲಿನ ಎದುರು ಒಂದು ಸಾದಾ ಮೈಕ್ ಇಡಿಸುತ್ತೇನೆ. ನಮ್ಮ ಸ್ವರ ನಮಗೇ ಕೇಳಿಸುವ ಮಾನಿಟರ್ ಸ್ಪೀಕರ್ ನನ್ನ ಹಿಂದೆ ಇರಬಾರದು, ಎದುರಿಗೆ ಇರಬೇಕು. ಸ್ವರ ಸ್ವಲ್ಪ ಸಣ್ಣದಾಗಿ ಕೇಳಿಸಿದರೂ ಮರದ ಸ್ವರವೇ ಕೇಳಿಸುತ್ತದೆ.

ಗಣಪತಿ ಹಬ್ಬದಲ್ಲಿ ಸಿಕ್ಕಿಬಿದ್ದ ಮೇಲೆ ಒಂದು ಲಾಭ ಆಯಿತು. ಅಲ್ಲಿವರೆಗೆ ನಮ್ಮ ಮನೆಯಲ್ಲೇ ಪ್ರಾಕ್ಟೀಸು, ಅಕ್ಕಪಕ್ಕದವರ ಬೈಗುಳ. ಮಂಡಿಯ ಸಾಹುಕಾರರು ಕರೆದು, "ಗೋಡೌನ್ ರಾತ್ರಿ ಖಾಲಿನೇ ಇರ್ತದಲ್ಲ, ಅಲ್ಲೇ ಕೂತ್ಕೊಳ್ರಿ, ಬೀಡಿ ಸಿಗರೇಟು ಮಾತ್ರ ಬೇಡ" ಅಂದರು. ಗೋದಾಮಿನಷ್ಟು ಒಳ್ಳೆಯ ಪ್ರಾಕ್ಟೀಸ್ ಜಾಗ ನಾನು ನೋಡಿಲ್ಲ. ನಾಲ್ಕೂ ಕಡೆ ಸೂರಿನವರೆಗೆ ಗೋಣಿಚೀಲ ಪೇರಿಸಿರುತ್ತಾರೆ. ಚೀಲ ಸದ್ದನ್ನು ಹೀರಿಕೊಳ್ಳುತ್ತದೆ, ಚೂರೂ ಮಾರ್ದನಿ ಇಲ್ಲ. ಅಕ್ಕನ ಉಸಿರು, ಗಿಟಾರಿನ ಮೇಲೆ ಬೆರಳು ಜಾರಿದ ಸದ್ದು, ತಬಲಾದ ಕರಣೆಯ ನಾದ, ಎಲ್ಲ ಬಿಡಿಬಿಡಿಯಾಗಿ ಕೇಳಿಸುತ್ತದೆ. ಸುಗ್ಗಿಯಲ್ಲಿ ಚೀಲ ತುಂಬಿದ್ದಾಗ ಒಂದು ಥರ. ಸರಕು ಲಾರಿ ಹತ್ತಿ ಹೋದ ವಾರ ಖಾಲಿ ಗೋಡೆ ಮೊಳಗುತ್ತದೆ, ಡೊಳ್ಳಿಗೆ ಮತ್ತೆ ಟವೆಲ್ ಬೇಕು.

ಮಳೆಗಾಲ ಮಾತ್ರ ಇನ್ನೂ ಪೂರ್ತಿ ಪಳಗಿಲ್ಲ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲ, ಆಗುಂಬೆಯ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ, ಆ ಕಡೆ ಕಾರ್ಯಕ್ರಮ ಒಪ್ಪಿಕೊಂಡರೆ ವಾದ್ಯಗಳೇ ಮುಷ್ಕರ ಹೂಡುತ್ತವೆ. ಥಂಡಿಗೆ ಕಮಾನಿನ ಕೂದಲು ಉದ್ದವಾಗಿ ಎಷ್ಟು ಬಿಗಿದರೂ ಜೋಲುತ್ತದೆ. ತಂತಿ ಬಿಗಿಯುವ ಬಿರಡೆ ಉಬ್ಬಿ ತಿರುಗುವುದೇ ಇಲ್ಲ. ತಬಲಾದ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲಗಳು, ಮನೆಯಲ್ಲಿ ವಾದ್ಯದ ಕಪಾಟಿಗೆ ಒಂದು ಸಣ್ಣ ಬಲ್ಬು, ಇಷ್ಟು ಮಾಡಿಕೊಂಡಿದ್ದೇವೆ. ಕೇಸಿನಿಂದ ತೆಗೆದ ತಕ್ಷಣ ಶ್ರುತಿ ಮಾಡಬೇಡಿ, ವಾದ್ಯ ಆ ಜಾಗದ ಗಾಳಿಗೆ ಹೊಂದಿಕೊಳ್ಳಲಿ. ಒಲೆಯ ಹತ್ತಿರ ಇಟ್ಟು ಒಣಗಿಸಿ ಅನ್ನುವವರ ಮಾತು ತಮಟೆಗೆ ಸರಿ, ಪಿಟೀಲಿಗೆ ಬೇಡವೇ ಬೇಡ, ಅಂಟು ಬಿಟ್ಟುಕೊಳ್ಳುತ್ತದೆ.

ಈಗ ನಮಗೆ ಕೊಳಲಿನವರೊಬ್ಬರು ಬೇಕು. ಅಲ್ಲಮನ ಒಂದು ವಚನಕ್ಕೆ ಶುರುವಿನಲ್ಲಿ ಕೊಳಲೇ ಆಗಬೇಕು ಅಂತ ಅಕ್ಕ ಹಟ ಹಿಡಿದಿದ್ದಾರೆ, ನಾನು ಪಿಟೀಲಿನಲ್ಲಿ ಏನು ಮಾಡಿ ತೋರಿಸಿದರೂ ಅವರಿಗೆ ಸಮಾಧಾನ ಇಲ್ಲ. ಐದೂವರೆ ಮನೆಗೆ ಹೊಂದುವ ಕೊಳಲು ಇದ್ದವರು, ಪರೀಕ್ಷೆ ಪಾಸಾಗಿದ್ದರೂ ಸರಿ ಆಗದಿದ್ದರೂ ಸರಿ, ಗುರುವಾರ ರಾತ್ರಿ ಊಟ ಮುಗಿಸಿಕೊಂಡು ಗೋದಾಮಿಗೆ ಬನ್ನಿ. ಅಡಿಕೆ ಧೂಳಿಗೆ ಸೀನು ಬರುವವರಾದರೆ ಒಂದು ಕರ್ಚೀಫು ತನ್ನಿ. ಚಹಾ, ಮಂಡಕ್ಕಿ ನಮ್ಮದು.